ಒಂದೇ ಕೋಲಿನ ಎರಡು ಹೆಗಲು

ಈ ಊರಿಗೆ ಬಂದ ಮೊದಲ ಬೆಳಿಗ್ಗೆ ನಾನು ಕಂಡದ್ದು ಒಂದು ಜಗಳ. ಬಿದಿರ ಕೋಲಿನ ಮುಂದಿನ ತುದಿಗೆ ಹೆಗಲು ಕೊಟ್ಟವರು ಒಬ್ಬ ದಪ್ಪನೆಯ ಹೆಂಗಸು, ಹಿಂದಿನ ತುದಿಗೆ ಹೆಗಲು ಕೊಟ್ಟವರು ಒಬ್ಬ ಸಣಕಲು ಗಂಡಸು. ಇಬ್ಬರಿಗೂ ಅರವತ್ತರ ಆಚೀಚೆ ವಯಸ್ಸು. ಕೋಲಿನ ನಡುವೆ ಹಗ್ಗಕ್ಕೆ ಕಟ್ಟಿದ ಮಂಕರಿಯಲ್ಲಿ ಮಣ್ಣು ತುಂಬಿತ್ತು. ನಮ್ಮ ಹೊಸ ಮನೆಯ ಮುಂದೆಯೇ ಅವರು ಹಾದುಹೋದರು.

"ನಿಮ್ಮ ಒನಕೆ ಪಕ್ಷದವರು ಕಟ್ಟಿಸಿದ ಸಂತೆಕಟ್ಟೆ ಮೇಲೆ ಇವತ್ತಿನವರೆಗೂ ಕತ್ತೆ ಬಿಟ್ಟು ಇನ್ನೊಂದು ಪ್ರಾಣಿ ಮಲಗಿಲ್ಲ ಕಣೋ ತಿಪ್ಪಣ್ಣ."

"ಕತ್ತೆಗಾದರೂ ಆಯ್ತಲ್ಲ ಚೆನ್ನಾಜಮ್ಮೋರೇ. ನಿಮ್ಮವರು ಹೊದಿಸಿದ ಶಾಲೆ ಸೂರಿನ ಕೆಳಗೆ ಮಕ್ಕಳು ಕೊಡೆ ಹಿಡ್ಕೊಂಡು ಮಗ್ಗಿ ಹೇಳ್ತಾವೆ. ಜರಡಿ ಪಕ್ಷದ ಸೂರು, ಸೋರದೆ ಇನ್ನೇನು ಮಾಡುತ್ತೆ?"

"ಸೋರಿದ ನೀರಲ್ಲಿ ನಿಮ್ಮ ಮುಖಂಡ ಒಂದ್ಸಲ ಮುಖ ತೊಳ್ಕೊಂಡಿದ್ರೆ ಚೆನ್ನಾಗಿತ್ತು."

ಕೋಲು ಹೆಗಲ ಮೇಲಿಟ್ಟುಕೊಂಡೇ ಹೊಡೆದಾಡುತ್ತಾರೇನೋ ಎಂದು ನಾನು ಹೆದರಿ ಬಾಗಿಲು ಮುಚ್ಚಿದೆ. ಆಮೇಲೆ ಸಂದಿಯಿಂದ ನೋಡಿದೆ. ಅವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಆಕೆಯ ಮಾತು ಮುಗಿಯುವಾಗ ಎಡಗಾಲು ನೆಲ ಮುಟ್ಟುತ್ತಿತ್ತು, ಆತನ ಮಾತು ಮುಗಿಯುವಾಗ ಬಲಗಾಲು. ನಡುವಿನ ಮಂಕರಿ ತೊಟ್ಟಿಲಲ್ಲಿಟ್ಟ ಕೂಸಿನಂತೆ ಒಂದೇ ಸಮ ತೂಗುತ್ತಿತ್ತು. ಒಂದು ಹಿಡಿ ಮಣ್ಣೂ ಕೆಳಗೆ ಬೀಳಲಿಲ್ಲ.

ಊರಿನ ನಡುವೆ ಇರುವ ದಿಬ್ಬ ಕತ್ತಲಲ್ಲಿ ಮೊಣಕಾಲೆತ್ತರ ಬೆಳೆಯುತ್ತದೆ. ಬೆಳೆದಷ್ಟನ್ನು ಬಿಸಿಲೇರುವುದರೊಳಗೆ ಅಗೆದು, ಹೊತ್ತು, ಊರಾಚೆಯ ಕೊರಕಲಿಗೆ ಸುರಿಯಬೇಕು. ಮನೆಗೊಬ್ಬರು ಬರಬೇಕು. ಇಲ್ಲಿನ ಮಕ್ಕಳಿಗೆ ಇದು ಹಲ್ಲುಜ್ಜಿದಷ್ಟೇ ಸಹಜ. ಬೇರೆ ಊರಿಗೆ ಹೋಗಿ ಬಂದವರು, ಅಲ್ಲಿನ ಜನ ಬೆಳಿಗ್ಗೆ ಎದ್ದು ಏನು ಮಾಡುತ್ತಾರೋ ಪಾಪ ಎಂದು ಮರುಗುತ್ತಾರೆ.

ಕೋಲು ಹೊರುವುದಕ್ಕೆ ಒಂದು ಪದ್ಧತಿ ಇತ್ತು. ಒಂದು ತುದಿಗೆ ಒನಕೆ ಪಕ್ಷದವರು ನಿಂತರೆ ಇನ್ನೊಂದು ತುದಿಗೆ ಜರಡಿ ಪಕ್ಷದವರೇ ನಿಲ್ಲಬೇಕು. ಒನಕೆಯವರ ಹೆಗಲುಬಟ್ಟೆ ದಾಳಿಂಬೆ ಕೆಂಪು, ಜರಡಿಯವರದು ಗಿಳಿಹಸಿರು. ಯಾಕೆ ಹೀಗೆ ಎಂದು ನಾನು ಚೆನ್ನಾಜಮ್ಮನವರನ್ನು ಒಮ್ಮೆ ಕೇಳಿದ್ದೆ. ಅವರು ಹಪ್ಪಳ ಮಾಡಿ ಮಾರುವವರು, ಉದ್ದಿನ ಹಿಟ್ಟು ಕುಟ್ಟುತ್ತಲೇ ಹೇಳಿದರು: "ಒಂದೇ ಪಕ್ಷದವರಿಬ್ಬರಿಗೆ ಕೋಲು ಕೊಡು, ಹುಣಸೆಮರದ ಹತ್ರ ಇಳಿಸಿ ಕೂತು ಎದುರಿನವರನ್ನ ಬೈತಾರೆ. ಮಂಕರಿ ಅಲ್ಲೇ ಇರುತ್ತೆ. ಅದೇ ಎದುರಿನವನ ಜೊತೆ ಹೊತ್ತರೆ, ಮೊದಲು ಇಳಿಸೋಣ ಅಂತ ಅಂದವರು ಸೋತ ಹಾಗೆ. ಆ ತಿಪ್ಪಣ್ಣನ ಮುಂದೆ ನಾನು ಸೋಲ್ತೀನಾ? ಸತ್ತರೂ ಇಲ್ಲ."

ನಾವು ಹೊರಗಿನಿಂದ ಬಂದವರು. ದಿಬ್ಬದ ಬುಡದಲ್ಲಿದ್ದುದರಿಂದ ಈ ಮನೆ ನಮಗೆ ಸಿಕ್ಕಿತು; ಬೇರೆ ಯಾರೂ ಅಲ್ಲಿ ಇರಲು ಒಪ್ಪುತ್ತಿರಲಿಲ್ಲ. ನಮ್ಮ ಮನೆಯವರು ಹಿಂದಿನ ಕೋಣೆಯ ನೆಲದಲ್ಲಿ ಗುಂಡಿ ತೋಡಿ ಮಗ್ಗ ಹೂಡಿದರು. ಅವರು ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಾರೆ, ನಾನು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತೇನೆ. ದಿಬ್ಬಕ್ಕೆ ನಮ್ಮ ಮನೆಯಿಂದ ನಾನೇ ಹೋಗುತ್ತಿದ್ದೆ. ಪಕ್ಷವಿಲ್ಲದವರಿಗೆ ಕೋಲು ಇಲ್ಲ, ಸಲಿಕೆ. ಹಾಗಾಗಿ ನಾನು ಮಂಕರಿ ತುಂಬುವವಳಾದೆ.

ಪಕ್ಷ ಸೇರಲು ಯಾರ ಅಡ್ಡಿಯೂ ಇರಲಿಲ್ಲ. ಒಂದು ಬಟ್ಟೆ ಕೇಳಿ ಹೆಗಲಿಗೆ ಹಾಕಿಕೊಂಡರೆ ಮುಗಿಯಿತು. ನನ್ನಿಂದ ಆಗಲಿಲ್ಲ. ಮದುವೆಗೆ ಮುಂಚೆ ನಾನು ಸಂಜೆ ಶಾಲೆಯಲ್ಲಿ ಓದಿದವಳು. ಅಲ್ಲಿನ ಮೇಷ್ಟ್ರು ಯಾವ ಮಾತನ್ನೂ ಮಗುಚಿ ಹಾಕಿ ಇನ್ನೊಂದು ಮಗ್ಗುಲು ನೋಡಿ ಎನ್ನುತ್ತಿದ್ದರು. ಉಳಿದವರು ಅದನ್ನು ಪರೀಕ್ಷೆಗೆ ಬರೆದು ಮರೆತರು. ನಾನು ಮರೆಯಲಿಲ್ಲ, ರೊಟ್ಟಿ ಮಗುಚಿದ ಹಾಗೆ ಎಲ್ಲವನ್ನೂ ಮಗುಚುತ್ತಾ ಕೂತು ಎರಡು ಕಡೆಯೂ ಸೀಯಿಸಿಕೊಂಡೆ. ಒನಕೆಯವರ ಭಾಷಣ ಕೇಳಿದಾಗ ಅವರು ಹೇಳುವುದು ಸರಿ ಅನಿಸುತ್ತಿತ್ತು. ಮರುದಿನ ಜರಡಿಯವರ ಭಾಷಣ ಕೇಳಿ, ನಿನ್ನೆ ತಲೆಯಾಡಿಸಿದ್ದಕ್ಕೆ ನಾಚಿಕೆಯಾಗುತ್ತಿತ್ತು. ಇಂಥವಳು ಯಾರ ಎದುರು ಕೋಲು ಹೊರುವುದು?

ಆದರೂ ಸಲಿಕೆ ಹಿಡಿದ ಆ ಹೊತ್ತು ನನಗೆ ದಿನದಲ್ಲಿ ಬೇರೆ ಯಾವ ಹೊತ್ತಿಗಿಂತಲೂ ಇಷ್ಟ. ಒಲೆ ಆರಿಸಿದೆನೋ ಇಲ್ಲವೋ, ನೆರೆಯವಳು ಯಾಕೆ ಮಾತಾಡಿಸಲಿಲ್ಲ, ನಿನ್ನೆ ನಾನಾಡಿದ ಮಾತು ಯಾರಿಗಾದರೂ ನಾಟಿತೋ ಎಂದು ಸದಾ ಗೊಣಗುವ ನನ್ನ ತಲೆ, ಬೆನ್ನು ಬಗ್ಗಿಸಿ ಮಣ್ಣು ಎತ್ತುವಾಗ ಮಾತ್ರ ಸುಮ್ಮನಿರುತ್ತಿತ್ತು. ಕೆಲಸ ಮುಗಿದು ಕೊರಕಲಿನ ದಂಡೆಯಲ್ಲಿ ಎಲ್ಲರೂ ಮಂಡಕ್ಕಿ ತಿನ್ನಲು ಕೂರುವಾಗ ನಾನು ಚೆನ್ನಾಜಮ್ಮ, ತಿಪ್ಪಣ್ಣನವರನ್ನು ನೋಡುತ್ತಿದ್ದೆ. ಅವರು ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು, ಪರಸ್ಪರ ಮುಖ ನೋಡುವ ಕರ್ಮ ಬೇಡ ಎಂದು. ಆದರೆ ಬೆವರಿದ ಆ ಎರಡು ಬೆನ್ನುಗಳು ಒಂದಕ್ಕೊಂದು ಆನಿಕೊಂಡೇ ಇರುತ್ತಿದ್ದವು. ಆಕೆ ಹಸಿಮೆಣಸಿನಕಾಯಿಯನ್ನು ಹಿಂದಕ್ಕೆ ಚಾಚುತ್ತಿದ್ದರು, ಆತ ನೋಡದೆಯೇ ತೆಗೆದುಕೊಳ್ಳುತ್ತಿದ್ದರು. ಅಷ್ಟು ನೆಮ್ಮದಿಯ ಮುಖಗಳನ್ನು ನಾನು ದೇವಸ್ಥಾನದಲ್ಲೂ ಕಂಡಿಲ್ಲ. ಒಂದು ದಿನ ನಾನೂ ಕೋಲು ಹೊರಬೇಕು ಎಂಬ ಆಸೆ ನನಗೆ ಹತ್ತಿದ್ದು ಆಗಲೇ. ಯಾರಿಗೂ ಹೇಳಲಿಲ್ಲ.

ನಾವು ಬಂದು ಕೆಲವು ವರ್ಷಗಳಾದ ಮೇಲೆ ನಡೆದ ಪಂಚಾಯಿತಿ ಚುನಾವಣೆಯಲ್ಲಿ ಒನಕೆ ಗೆದ್ದಿತು. ಅಧ್ಯಕ್ಷರಾದವರು ಪಂಪಣ್ಣ. ಒಳ್ಳೆಯ ಮನುಷ್ಯ, ಯಾರಾದರೂ ಗಟ್ಟಿಯಾಗಿ ಮಾತಾಡಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಗೆದ್ದ ಖುಷಿಯಲ್ಲಿ ಅವರು ಊರಿಗೆ ಒಂದು ಒಳ್ಳೆಯದು ಮಾಡಬೇಕೆಂದುಕೊಂಡರು. "ಬೆಳಗಾಗೆದ್ದು ಜಗಳದ ಮುಖ ನೋಡೋದು ಬೇಡ. ಇನ್ನು ಮೇಲೆ ಒಂದೇ ಬಣ್ಣದ ಹೆಗಲುಬಟ್ಟೆಯವರು ಮಾತ್ರ ಒಂದು ಕೋಲು ಹೊರಲಿ. ಪ್ರೀತಿಯಿಂದ ಹೊತ್ತರೆ ಮಣ್ಣೂ ಹಗುರ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅವರು ನಮ್ಮ ಮಗ್ಗಕ್ಕೆ ಕೆಲಸವನ್ನೂ ಕೊಟ್ಟರು: ತಮ್ಮ ಪಕ್ಷದವರಿಗೆಲ್ಲ ಹೊಳೆಯುವ ನೂಲಿನ ಕೆಂಪು ಹೆಗಲುಬಟ್ಟೆ. ಸುದ್ದಿ ತಿಳಿದ ಜರಡಿಯವರು ನಾವೇನು ಕಡಿಮೆಯೇ ಎಂದು ಹೊಳೆಯುವ ನೂಲಿನ ಹಸಿರು ಬಟ್ಟೆಗೆ ಹೇಳಿ ಹೋದರು. ಮನೆ ತುಂಬ ಎರಡೂ ಬಣ್ಣದ ನೂಲು ಬಂದು ಬಿತ್ತು.

ಹೊಸ ನಿಯಮದ ಮೊದಲ ಬೆಳಿಗ್ಗೆ ಊರು ಎಷ್ಟು ಮೌನವಾಗಿತ್ತೆಂದರೆ ಸಲಿಕೆ ಕಲ್ಲಿಗೆ ತಾಗಿದ ಸದ್ದಿಗೆ ಮಗುವೊಂದು ಅತ್ತಿತು. ಚೆನ್ನಾಜಮ್ಮನವರಿಗೆ ಜೊತೆಯಾಗಿ ಅವರದೇ ಪಕ್ಷದ ಕಟ್ಟಾಳು ಒಬ್ಬ ನಿಂತಿದ್ದ.

"ಸಂತೆಕಟ್ಟೆ ದಂಡ" ಎಂದರು ಚೆನ್ನಾಜಮ್ಮ.

"ಹೌದು, ದಂಡ" ಎಂದ ಅವನು.

"ಕತ್ತೆ ಮಲಗುತ್ತೆ."

"ಹೌದು, ಕತ್ತೆಯೇ."

ಅಲ್ಲಿಗೆ ಮಾತು ಮುಗಿಯಿತು. ಇನ್ನು ಮುಂದಿನ ಹೆಜ್ಜೆಗೆ ಏನೂ ಇರಲಿಲ್ಲ. ಕೋಲು ಅತ್ತಿತ್ತ ಹೊಯ್ದಾಡಿತು, ಮಂಕರಿ ಚೆನ್ನಾಜಮ್ಮನವರ ಮೀನಖಂಡಕ್ಕೆ ಬಡಿಯಿತು, ಮಣ್ಣು ಚೆಲ್ಲಿತು. ಹಿಂದಿನ ಸಾಲಿನಲ್ಲಿ ತಿಪ್ಪಣ್ಣ ತಮ್ಮ ಪಕ್ಷದವನ ಜೊತೆ ಅದೇ ಪಾಡು ಪಡುತ್ತಿದ್ದರು. ಹುಣಸೆಮರದ ಹತ್ತಿರ ಎಲ್ಲ ಕೋಲುಗಳೂ ಇಳಿದವು. ಆ ಕಡೆ ಕೆಂಪಿನವರು, ಈ ಕಡೆ ಹಸಿರಿನವರು ಕೂತು ಎದುರಿನವರನ್ನು ಬೈಯತೊಡಗಿದರು. ಬಿಸಿಲೇರಿತು. ಅವತ್ತು ಬೆಳೆದ ಮಣ್ಣಿನಲ್ಲಿ ಅರ್ಧ ದಿಬ್ಬದ ಮೇಲೆಯೇ ಉಳಿಯಿತು. ದಿಬ್ಬ ಯಾರಿಗಾಗಿಯೂ ಕಾಯುವುದಿಲ್ಲ. ಮರುದಿನ ಅದರ ಮೇಲೆ ಹೊಸ ಮಣ್ಣು ಬಂದಿತ್ತು.

ಉಳಿದ ಮಣ್ಣು ಜಾರಿ ಬರುತ್ತಿದ್ದುದು ನಮ್ಮ ಮನೆಯ ಕಡೆಗೆ. ಮೊದಲು ಹಿತ್ತಲ ತುಳಸಿಕಟ್ಟೆ ಮುಚ್ಚಿತು. ಆಮೇಲೆ ಹಿಂದಿನ ಕೋಣೆಯ ಗೋಡೆಗೆ ತಾಗಿತು. ಕಿಟಕಿ ಮುಚ್ಚಿ ಕೋಣೆಯಲ್ಲಿ ಹಗಲೂ ಮಬ್ಬು. ಗೋಡೆ ಬಸುರಿಯ ಹೊಟ್ಟೆಯಂತೆ ಉಬ್ಬಿ, ಗಾರೆ ಉದುರಿ ಮಗ್ಗದ ಗುಂಡಿಗೆ ಬೀಳುತ್ತಿತ್ತು. ಬೇರೆಡೆ ಹೋಗೋಣ ಎಂದು ನಾನು ಹೇಳಿದರೆ ನಮ್ಮ ಮನೆಯವರು ನಕ್ಕರು. ನಗಲು ಮನಸ್ಸಿಲ್ಲದ ನಗು. "ಮಗ್ಗ ಬಿಚ್ಚಿ ಗಾಡಿಗೆ ಹಾಕಬಹುದು. ಗುಂಡೀನ ಯಾವ ಗಾಡಿಗೆ ಹಾಕೋದು? ನನ್ನ ಕಾಲಿಗೆ ಈ ಗುಂಡಿ ಒಗ್ಗೋಕೆ ಎಷ್ಟು ವರ್ಷ ಹಿಡೀತು ನಿನಗೆ ಗೊತ್ತಲ್ಲ" ಎಂದು ಮತ್ತೆ ಲಾಳಿ ಎಸೆದರು.

ನಾನು ಪಂಪಣ್ಣನವರ ಬಳಿ ಹೋದೆ. ಅವರು ಬಂದು ಗೋಡೆ ಮುಟ್ಟಿ ನೋಡಿ ತಲೆ ತಗ್ಗಿಸಿದರು. "ಹೊನ್ನೂರಮ್ಮ, ನನಗೂ ಕಾಣುತ್ತೆ. ಆದರೆ ಜರಡಿಯವರು ನಿಯಮ ವಾಪಸ್ ತಗೊಳ್ಳಿ ಅಂತ ಬಾವುಟ ಹಿಡಿದುಬಿಟ್ಟರು. ಈಗ ತಗೊಂಡರೆ ನಾವು ಅವರಿಗೆ ಹೆದರಿದ ಹಾಗಾಗುತ್ತೆ. ನಮ್ಮವರೇ ನನ್ನನ್ನ ಬಿಡಲ್ಲ" ಎಂದರು. ನಾನು ಚೆನ್ನಾಜಮ್ಮನವರ ಬಳಿ ಹೋದೆ. "ನೀವೊಬ್ಬರು ಕೆಂಪು ಹಾಕಿಕೊಂಡರೆ ತಿಪ್ಪಣ್ಣನ ಜೊತೆ ಹೊರಬಹುದಲ್ಲ" ಎಂದು ಕೇಳಿದೆ. ಕೇಳಬಾರದಿತ್ತು. ಅವರು ಒನಕೆ ಕೆಳಗಿಟ್ಟರು. ಹಿಟ್ಟು ಕುಟ್ಟುವ ಒನಕೆಯನ್ನೂ ಅವರು "ಕೋಲು" ಎಂದೇ ಕರೆಯುತ್ತಿದ್ದವರು, ಎದುರು ಪಕ್ಷದ ಹೆಸರು ಅಡುಗೆಮನೆಯೊಳಗೆ ಬರಬಾರದೆಂದು.

"ನಿನ್ನ ಮನೆ ಉಳಿಸೋಕೆ ನನ್ನ ಬಳೆ ಕೇಳು, ಕೊಡ್ತೀನಿ. ಬಟ್ಟೆ ಬದಲಾಯಿಸು ಅನ್ನಬೇಡ ಮಗಳೇ. ನಾಳೆ ನಾನು ಕೆಂಪು ಹಾಕಿದರೆ ಆ ತಿಪ್ಪಣ್ಣ ಯಾರ ಜೊತೆ ವಾದ ಮಾಡ್ತಾನೆ? ಅವನಿಗೂ ಒಂದು ಮರ್ಯಾದೆ ಬೇಡವಾ?"

ಅವರ ಮಾತು ಸರಿ ಅನಿಸಿತು. ಪಂಪಣ್ಣನವರದೂ ಸರಿ ಅನಿಸಿತ್ತು. ಎಲ್ಲರೂ ಸರಿ ಇರುವ ಊರಿನಲ್ಲಿ ನಮ್ಮ ಗೋಡೆ ಮಾತ್ರ ಬೀಳುವುದಿತ್ತು.

ಆ ಚಿಂತೆಯಲ್ಲೇ ನಾನು ಮಬ್ಬಿನಲ್ಲಿ ಕೂತು ಕಂಡಿಕೆ ಸುತ್ತಿದೆ. ಮಗ್ಗದ ಮೇಲೆ ಉದ್ದಕ್ಕೆ ಎಳೆದ ಕೆಂಪು ಹಾಸು ಇತ್ತು. ಅಡ್ಡಕ್ಕೆ ಓಡುವ ಹೊಕ್ಕಿಗೂ ಕೆಂಪೇ ಕೊಡಬೇಕಿತ್ತು. ಗೋಡೆಯ ಕಡೆಗೆ ಒಂದು ಕಣ್ಣಿಟ್ಟುಕೊಂಡು ನಾನು ಸುತ್ತಿ ಕೊಟ್ಟದ್ದು ಹಸಿರು. ನಮ್ಮ ಮನೆಯವರು ಕಾಲಿನಿಂದ, ಕಿವಿಯಿಂದ ನೇಯುವವರು. ಆ ಕತ್ತಲಲ್ಲಿ ಅವರಿಗೂ ತಿಳಿಯಲಿಲ್ಲ. ಬೆಳಿಗ್ಗೆ ಬಟ್ಟೆ ಕೊಯ್ದು ಹೊರಗೆ ತಂದಾಗ ಅಂಗಳದಲ್ಲಿ ನಿಂತು ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಇದೇನು ಮಾಡಿಟ್ಟೆ?" ಎಂದರು ಕೊನೆಗೆ. ಬಟ್ಟೆಯನ್ನು ಈ ಕಡೆ ಹಿಡಿದರೆ ಕೆಂಪು. ಸ್ವಲ್ಪ ಓರೆ ಮಾಡಿದರೆ ಹಸಿರು. ಗಾಳಿಗೆ ಅಲುಗಿದರೆ ಎರಡೂ ಒಂದರ ಮೇಲೊಂದು ಓಡುತ್ತಿದ್ದವು. ಅವರು ಸಿಟ್ಟಾಗಬೇಕೆಂದು ಹೊರಟವರು, ನೇಕಾರನ ಕಣ್ಣು ಅಡ್ಡ ಬಂದು, "ಹಾಳಾಗಿದೆ. ಆದರೆ ಹಾಳಾದದ್ದು ಚೆನ್ನಾಗಿದೆ" ಎಂದರು.

ಪಂಪಣ್ಣನವರಿಗೆ ತೋರಿಸಿ ತಪ್ಪಾಯಿತೆಂದು ಹೇಳುವುದೇ ಸರಿ ಎಂದು ನಾನು ಬಟ್ಟೆಯನ್ನು ತೋಳಿನ ಮೇಲೆ ಹಾಕಿಕೊಂಡು ಸಲಿಕೆ ಹಿಡಿದು ದಿಬ್ಬಕ್ಕೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿ ನೋಡಿದೆ. ಹುಣಸೆಮರದ ಹತ್ತಿರ ಆಗಲೇ ಕೋಲುಗಳು ಇಳಿದಿದ್ದವು. ಪಂಪಣ್ಣ ದೂರದಲ್ಲಿ ಒಬ್ಬರೇ ಒಂದು ಪುಟ್ಟ ಬುಟ್ಟಿಯಲ್ಲಿ ಮಣ್ಣು ಹೊರುತ್ತಿದ್ದರು.

ಚೆನ್ನಾಜಮ್ಮನವರ ಕಣ್ಣು ಬಟ್ಟೆಯ ಮೇಲೆ ಬಿತ್ತು. "ಬಂತಾ ನಮ್ಮ ಹಸಿರು? ಹೊಳಪು ನೋಡು ಎಷ್ಟು ಚೆನ್ನಾಗಿದೆ."

ಮರದ ಆ ಕಡೆಯಿಂದ ತಿಪ್ಪಣ್ಣ ಎದ್ದು ಬಂದರು. "ಯಾವುದು ಹಸಿರು? ಚೆನ್ನಾಜಮ್ಮೋರೇ, ಹಪ್ಪಳದ ಹೊಗೆಗೆ ಕಣ್ಣು ಹೋಗಿದೆ ನಿಮಗೆ. ಅಪ್ಪಟ ದಾಳಿಂಬೆ ಅದು."

"ದಾಳಿಂಬೆ ತಿಂದಿದ್ದೀಯೇನೋ ನೀನು ಯಾವತ್ತಾದರೂ? ಗಿಳಿ ತಂದು ಪಕ್ಕದಲ್ಲಿ ಕೂರಿಸಲಾ?"

"ಕೂರಿಸಿ. ಗಿಳಿ ಕೊಕ್ಕು ಯಾವ ಬಣ್ಣ ಅಂತ ನೋಡಿ ಮೊದಲು."

ಹುಣಸೆಮರದ ಕೆಳಗೆ ಬಹಳ ದಿನದ ಮೇಲೆ ನಗು ಎದ್ದಿತು. ನಾನು ವಿವರಿಸಲು ಹೋದೆ: "ಹಾಸು ಕೆಂಪು, ಹೊಕ್ಕು ಹಸಿರು. ನಿಂತ ಕಡೆಯಿಂದ ನೋಡಿದರೆ..." ಯಾರೂ ಕೇಳಲಿಲ್ಲ. ಚೆನ್ನಾಜಮ್ಮ ಬಟ್ಟೆಯ ಒಂದು ಅಂಚು ಹಿಡಿದಿದ್ದರು, ತಿಪ್ಪಣ್ಣ ಇನ್ನೊಂದು. ಇಬ್ಬರೂ ಮಾತಾಡುತ್ತಲೇ ಇದ್ದರು. ನಾನು ತಲೆ ತಗ್ಗಿಸಿದಾಗ ಅವರ ಕಾಲು ಕಂಡವು. ನಿಂತಲ್ಲೇ ಆ ನಾಲ್ಕು ಕಾಲುಗಳು ಹೆಜ್ಜೆ ಹಾಕುತ್ತಿದ್ದವು. ಆಕೆಯ ಮಾತಿಗೆ ಎಡಗಾಲು, ಆತನ ಮಾತಿಗೆ ಬಲಗಾಲು.

ನಾನು ಯೋಚಿಸಿದ್ದರೆ ಆ ಕೆಲಸ ಮಾಡುತ್ತಿರಲಿಲ್ಲ. ಅವರ ಕೈಯಿಂದ ಬಟ್ಟೆ ಬಿಡಿಸಿಕೊಂಡು, ಅಂಚನ್ನು ಹಲ್ಲಿನಿಂದ ಕಚ್ಚಿ, ಉದ್ದಕ್ಕೆ ಹರಿದೆ. ನೇಕಾರನ ಹೆಂಡತಿ ಹೊಸ ಬಟ್ಟೆ ಹರಿಯುವ ಸದ್ದಿಗೆ ಎಲ್ಲರೂ ತಿರುಗಿದರು. ಒಂದು ತುಂಡನ್ನು ಚೆನ್ನಾಜಮ್ಮನವರ ಹೆಗಲಿಗೆ ಹಾಕಿದೆ, ಇನ್ನೊಂದನ್ನು ತಿಪ್ಪಣ್ಣನ ಹೆಗಲಿಗೆ. ಮಣ್ಣಿನ ಕೈಯಲ್ಲೇ ಹತ್ತಿರ ಬಂದ ಪಂಪಣ್ಣನವರಿಗೆ ಹೇಳಿದೆ.

"ಒಂದೇ ಬಟ್ಟೆ, ಅಣ್ಣ. ನಿಮ್ಮ ನಿಯಮದ ಹಾಗೇ ಇದೆ. ಒಂದೇ ಬಣ್ಣ."

"ಯಾವ ಬಣ್ಣ?" ಎಂದರು ಪಂಪಣ್ಣ.

"ನೀವೇ ನೋಡಿ."

ಅವರು ಎಡಕ್ಕೆ ನಿಂತು ನೋಡಿದರು. ಬಲಕ್ಕೆ ಬಂದು ನೋಡಿದರು. ಎರಡು ತುಂಡನ್ನೂ ಪಕ್ಕಪಕ್ಕ ಹಿಡಿದು ನೋಡಿದರು. ಆಮೇಲೆ ನಮ್ಮ ಮನೆಯ ಉಬ್ಬಿದ ಗೋಡೆಯ ಕಡೆ ನೋಡಿದರು. ಎರಡೂ ಪಕ್ಷದ ಹಿರಿಯರು ಅವರ ಬಾಯಿಯನ್ನೇ ನೋಡುತ್ತಿದ್ದರು.

"ಒಂದೇ ಇದೆ" ಎಂದರು ಪಂಪಣ್ಣ. "ಏನು ಬೇಕಾದರೂ ಅನ್ನಿ, ಎರಡೂ ಒಂದೇ ಇದೆ. ನಿಯಮ ನಿಯಮವೇ. ಹೊರಿ."

ತಿಪ್ಪಣ್ಣ ಕೋಲಿನ ಹಿಂದಿನ ತುದಿಗೆ ಹೆಗಲು ಕೊಟ್ಟರು. ಚೆನ್ನಾಜಮ್ಮ ಮುಂದಿನ ತುದಿಗೆ. ಮಂಕರಿ ನೆಲ ಬಿಟ್ಟಿತು.

"ಹಸಿರು ಹಾಕ್ಕೊಂಡು ಎಷ್ಟು ಲಕ್ಷಣವಾಗಿದ್ದೀಯೋ ತಿಪ್ಪಣ್ಣ. ಮುಂಚೆಯೇ ನಮ್ಮ ಪಕ್ಷಕ್ಕೆ ಬರಬಾರದಿತ್ತಾ?"

"ನಿಮ್ಮ ಹೆಗಲ ಮೇಲೆ ಕೆಂಪು ನೋಡ್ತಾ ನಡೀತಿದ್ದೀನಿ ಚೆನ್ನಾಜಮ್ಮೋರೇ. ಸಾಯೋ ಮೊದಲು ಇದೊಂದು ನೋಡಬೇಕು ಅಂತಿತ್ತು."

ಮಂಕರಿ ತೂಗತೊಡಗಿತು. ಅವತ್ತು ಅವರಿಬ್ಬರು ಮಾತ್ರ ಹೊತ್ತರು, ಉಳಿದವರು ಕೂತು ನೋಡಿದರು. ನೋಡುತ್ತಾ ಅವರ ಕಾಲಿಗೂ ಕೂರಲಾಗಲಿಲ್ಲ. ಮರುದಿನ ನಮ್ಮ ಬಾಗಿಲಲ್ಲಿ ಕೆಂಪಿನವರೂ ಹಸಿರಿನವರೂ ಬಟ್ಟೆಗೆ ಬಂದು ನಿಂತರು. ಕೆಂಪಿನವರು ಕೆಂಪು ಕೊಡಿ ಎಂದರು, ಹಸಿರಿನವರು ಹಸಿರು ಕೊಡಿ ಎಂದರು. ನಮ್ಮ ಮನೆಯವರು ಮತ್ತೆ ಹಾಗೆಯೇ ನೇಯ್ದು ಎಲ್ಲರಿಗೂ ಒಂದೇ ಥಾನಿನಿಂದ ಕತ್ತರಿಸಿ ಕೊಟ್ಟರು. ಇದು ಮೋಸವಲ್ಲವೇ ಎಂದು ನಾನು ಒಳಗೊಳಗೇ ಒದ್ದಾಡಿದೆ. ಪ್ರತಿಯೊಬ್ಬರಿಗೂ ಹಾಸಿನ ಬಣ್ಣ, ಹೊಕ್ಕಿನ ಬಣ್ಣ ಬಿಡಿಸಿ ಹೇಳಿದೆ. ಗೊತ್ತು ಗೊತ್ತು ಎಂದು ಹೆಗಲಿಗೆ ಹಾಕಿಕೊಂಡು ಹೋದರು.

ಒಂದು ವಾರ ಕಳೆಯುವಷ್ಟರಲ್ಲಿ ಕಿಟಕಿಯಲ್ಲಿ ಬೆಳಕು ಬಂತು. ಆಮೇಲೆ ತುಳಸಿಕಟ್ಟೆಯ ತುದಿ ಕಂಡಿತು. ಗೋಡೆಯ ಉಬ್ಬು ಹಾಗೇ ಇದೆ. ನಮ್ಮ ಮನೆಯವರು ಅದಕ್ಕೆ ಗೂಟ ಹೊಡೆದು ನೂಲಿನ ಲಡಿ ತೂಗುಹಾಕಿದ್ದಾರೆ.

ಮೊನ್ನೆ ತಿಪ್ಪಣ್ಣನಿಗೆ ನೆಗಡಿಯಾಗಿ ಬರಲಿಲ್ಲ. ಚೆನ್ನಾಜಮ್ಮ ಕೋಲು ಹಿಡಿದು ಸುತ್ತ ನೋಡಿದರು, ಸಲಿಕೆ ಹಿಡಿದ ನನ್ನ ಮುಂದೆ ಬಂದು ನಿಂತರು. "ಬಾರೇ ಮಗ್ಗದವಳೇ."

"ನನಗೆ ಪಕ್ಷ ಇಲ್ಲ ಅಮ್ಮ."

"ಹೆಗಲು ಇದೆಯಲ್ಲ. ಬಾ."

ಕೋಲು ಹೆಗಲಿಗೆ ಕೂತಾಗ ನನ್ನ ಉಸಿರು ನಿಂತ ಹಾಗಾಯಿತು. ದೂರದಿಂದ ನೋಡುವಾಗ ಅಷ್ಟು ಹಗುರ ಕಂಡದ್ದು ಎಲುಬಿಗೇ ಇಳಿಯುತ್ತಿತ್ತು. ಇಷ್ಟು ಭಾರ ಹೊತ್ತು ಅವರು ಇಷ್ಟು ವರ್ಷ ಇಷ್ಟು ಚುರುಕಾಗಿ ಬೈದಾಡಿದರೇ ಎಂದು ಅವರ ಮೇಲಿನ ನನ್ನ ಗೌರವ ಇನ್ನೂ ಹೆಚ್ಚಿತು. ನಾವು ಹೊರಟೆವು. ಮಂಕರಿ ಹೊಯ್ದಾಡಿತು.

"ನನ್ನ ಹೆಗಲ ಮೇಲಿರೋದು ಯಾವ ಬಣ್ಣ ಹೇಳು" ಎಂದರು ಚೆನ್ನಾಜಮ್ಮ ಮುಂದಿನಿಂದ.

"ಹಾಸು ಕೆಂಪು, ಹೊಕ್ಕು..."

ಮಂಕರಿ ನನ್ನ ಮೊಣಕಾಲಿಗೆ ಬಡಿಯಿತು.

"ಅದೆಲ್ಲ ಮಗ್ಗದ ಹತ್ರ. ಈಗ ಅಲ್ಲಿಂದ ನಿನಗೆ ಏನು ಕಾಣುತ್ತೆ?"

ನಾನು ತಲೆಯೆತ್ತಿ ನೋಡಿದೆ. ಹುಣಸೆಮರ ದಾಟಿದ್ದೆವು, ಎಳೆಬಿಸಿಲು ಎಡದಿಂದ ಅವರ ಹೆಗಲಿಗೆ ಬೀಳುತ್ತಿತ್ತು.

"ಕೆಂಪು ಅನಿಸುತ್ತೆ" ಎಂದೆ.

"ಅನಿಸುತ್ತೆ ಅಂದರೆ ಕಾಲು ಏಳಲ್ಲ."

"ಕೆಂಪು" ಎಂದೆ ನಾನು, ಬಲಗಾಲು ನೆಲಕ್ಕೂರಿ.

"ಹಸಿರು ಕಣೇ, ಕುರುಡಿ" ಎಂದರು ಅವರು ಎಡಗಾಲಿಗೆ. ಅವರ ದನಿಯಲ್ಲಿ ಸಂತೋಷವಿತ್ತು. ಕೊರಕಲಿನ ದಾರಿ ಮುಂದೆ ಬಲಕ್ಕೆ ತಿರುಗುತ್ತದೆ, ಅಲ್ಲಿ ಬಿಸಿಲಿನ ಜೊತೆ ಬಟ್ಟೆಯ ಬಣ್ಣವೂ ಮಗ್ಗುಲು ಬದಲಿಸುತ್ತದೆ ಎಂದು ನನಗೆ ಗೊತ್ತಿತ್ತು. ಆ ತಿರುವು ಬರುವವರೆಗೆ ನಾನು ಕೆಂಪು ಎನ್ನುತ್ತಲೇ ನಡೆದೆ. ಒಂದು ಹಿಡಿ ಮಣ್ಣೂ ಚೆಲ್ಲಲಿಲ್ಲ.